ಹಿರಿಯರ ರಜತಪಾತ್ರೆಗಳು: ಒಂದು ಪರಿಶೀಲನೆ

ನಮ್ಮ ನಾಡಿಗೂ ಬೆಳ್ಳಿಗೂ ಇರುವ ನಂಟು ಊರ ಹೆಸರಿನಿಂದಲೇ ಮೊದಲಾಗುತ್ತದೆ. ಉಡುಪಿಗೆ ಸಂಸ್ಕೃತದಲ್ಲಿ ರಜತಪೀಠಪುರವೆಂದು ಹೆಸರು. ರಾಮಭೋಜನೆಂಬ ಅರಸನು ಇರಿಸಿದ ಬೆಳ್ಳಿಯ ಪೀಠದೊಡನೆ ಅನಂತೇಶ್ವರನ ಸನ್ನಿಧಾನವನ್ನು ಸ್ಥಳಪುರಾಣವು ಜೋಡಿಸುತ್ತದೆ. ಶಿವಳ್ಳಿ ಎಂಬ ಹೆಸರು ‘ಶಿವಬೆಳ್ಳಿ’ ಎಂಬುದರ ರೂಪಾಂತರವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿಯೂ ಬೆಳ್ಳಿಯ ಈ ಹೆಸರು ಉಡುಪಿಗೆ ಸಲ್ಲುತ್ತದೆ. ಇಂತಹ ನಾಡಿನಲ್ಲಿ ಬೆಳ್ಳಿಯ ರಥ, ಬೆಳ್ಳಿಯ ಪಲ್ಲಕ್ಕಿ, ಬೆಳ್ಳಿಯ ಬಾಗಿಲುವಾಡಗಳನ್ನು ಕಂಡು ನಾವು ಕೈಮುಗಿಯುತ್ತೇವೆ. ಆದರೆ ನಮ್ಮ ಮನೆಗಳ ಪೆಟ್ಟಿಗೆಯ ತಳದಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಲೋಟ, ಬಟ್ಟಲು, ಮಿಳ್ಳೆಗಳನ್ನು ಹೊರತೆಗೆದಾಗ ಕೇಳುವುದು ಎರಡೇ ಪ್ರಶ್ನೆ: ತೂಕವೆಷ್ಟು? ಬೆಲೆಯೆಷ್ಟು?

ಮೂರನೆಯ ಪ್ರಶ್ನೆಯೊಂದಿದೆ. ಈ ಪಾತ್ರೆಯು ಏನನ್ನು ಹೇಳುತ್ತದೆ? ಇದನ್ನು ಮಾಡಿದವನ ಕೈ ಎಂತಹುದು, ಮಾಡಿಸಿದವರ ಸಂಪತ್ತು ಯಾವ ಬಗೆಯದು, ಇದನ್ನು ಬಳಸಿದವರು ಹೇಗೆ ಉಣ್ಣುತ್ತಿದ್ದರು ಎಂಬ ಮೂರು ವಿಷಯಗಳಿಗೆ ಪಾತ್ರೆಯೇ ಸಾಕ್ಷಿ. ಆ ಸಾಕ್ಷ್ಯವನ್ನು ಓದುವ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ೨೦೨೪ರಲ್ಲಿ ಕಿಲೋಗ್ರಾಮಿಗೆ ಒಂದು ಲಕ್ಷ ರೂಪಾಯಿಯ ಗಡಿಯನ್ನು ದಾಟಿದ ಬೆಳ್ಳಿಯ ಬೆಲೆ ೨೦೨೫ರಲ್ಲಿ ಇನ್ನೂ ಮೇಲೇರಿತು. ಬೆಲೆ ಏರಿದಾಗಲೆಲ್ಲ ಹಳೆಯ ಪಾತ್ರೆಗಳು ಮೂಸೆಗೆ ಹೋಗುತ್ತವೆ. ಆದುದರಿಂದ ಈ ವಿಚಾರವನ್ನು ಈಗಲೇ ಮಾಡುವುದು ಉಚಿತ.

ಎಲೆಯೇ ತಟ್ಟೆ

ಬೆಳ್ಳಿಯ ಪಾತ್ರೆಗಳ ವಿಚಾರಕ್ಕೆ ತೊಡಗುವವರು ಮೊದಲು ಬೆಳ್ಳಿಯಲ್ಲದ ವಸ್ತುವೊಂದನ್ನು ಗಮನಿಸಬೇಕು. ಅದು ಬಾಳೆಯೆಲೆ. ಯುರೋಪಿನ ಶ್ರೀಮಂತರ ಮನೆಗಳಲ್ಲಿ ಅನ್ನದ ಅಡಿಯಲ್ಲಿಯೇ ಬೆಳ್ಳಿ ಇರುತ್ತಿತ್ತು. ತಟ್ಟೆಯ ಹೊಳಪೇ ಯಜಮಾನನ ಹಿರಿಮೆಯನ್ನು ಸಾರುತ್ತಿತ್ತು. ನಮ್ಮಲ್ಲಿ ಅನ್ನದ ಅಡಿಯಲ್ಲಿ ಎಲೆಯಿತ್ತು. ಬೆಳ್ಳಿಯು ಎಲೆಯ ಸುತ್ತಲೂ ನಿಂತು ಸೇವೆ ಮಾಡುತ್ತಿತ್ತು.

ಇದಕ್ಕೆ ಮಂಗಳೂರಿನ ಸಮೀಪದ್ದೇ ಆದ ಒಂದು ಹಳೆಯ ಸಾಕ್ಷ್ಯ ದೊರೆಯುತ್ತದೆ. ೧೬೨೩ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಈ ಕರಾವಳಿಗೆ ಬಂದು, ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡನು. ಅಲ್ಲಿ ರಾಣಿಯ ಮಗನ ಆತಿಥ್ಯದಲ್ಲಿ ತಾನು ಉಂಡ ಊಟವನ್ನು ಅವನು ವಿವರವಾಗಿ ಬರೆದಿದ್ದಾನೆ. ನೆಲದ ಮೇಲೆ ದೊಡ್ಡ ಬಾಳೆಯೆಲೆಯನ್ನು ಹಾಸಿ, ಅದರ ಮೇಲೆ ಉಪ್ಪು ಹಾಕಿ ಬೇಯಿಸಿದ ಅನ್ನವನ್ನು ಬಡಿಸಿದರಂತೆ. ಕಾಯಿಸಿದ ತುಪ್ಪವನ್ನು ಓಲೆಯಿಂದ ಮಾಡಿದ ಚಿಕ್ಕ ದೊನ್ನೆಯಲ್ಲಿ ಪಕ್ಕಕ್ಕಿಟ್ಟರಂತೆ. ಕರಿಮೆಣಸಿನ ವ್ಯಾಪಾರದಲ್ಲಿ ಪೋರ್ಚುಗೀಸರಿಗೆ ಎದುರಾಗಿ ನಿಂತ ಅರಸುಮನೆಗೆ ಬೆಳ್ಳಿಯ ಬಟ್ಟಲೊಂದಕ್ಕೆ ಬಡತನವಿತ್ತೆಂದು ಯಾರೂ ಹೇಳಲಾರರು. ಒಮ್ಮೆ ಉಂಡು ಬಿಸುಡುವ ಎಲೆಯಷ್ಟು ಶುದ್ಧವಾದ ತಟ್ಟೆ ಬೇರೊಂದಿಲ್ಲವೆಂಬ ತಿಳಿವಳಿಕೆಯೇ ಅಲ್ಲಿ ಮುಖ್ಯವಾಗಿತ್ತು.

ಇದಕ್ಕೆ ಸುಮಾರು ತೊಂಬತ್ತು ವರ್ಷಗಳ ಹಿಂದೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು ಬೇರೊಂದು ಚಿತ್ರವನ್ನು ಕೊಡುತ್ತಾನೆ. ಅರಸನ ಮುಂದೆ ಮೂರು ಕಾಲಿನ ದುಂಡನೆಯ ಚಿನ್ನದ ಪೀಠವನ್ನಿಟ್ಟು, ಚಿನ್ನದ ದೊಡ್ಡ ಪಾತ್ರೆಗಳಲ್ಲಿಯೂ ರತ್ನಖಚಿತವಾದ ಬಟ್ಟಲುಗಳಲ್ಲಿಯೂ ಭಕ್ಷ್ಯಗಳನ್ನು ತರುತ್ತಿದ್ದರೆಂದು ಅವನು ಬರೆದಿದ್ದಾನೆ. ಹಾಗಾದರೆ ಲೋಹದ ಭೋಜನಪಾತ್ರೆಗಳು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಚಕ್ರವರ್ತಿಯು ಒಬ್ಬನೇ ಉಣ್ಣುವ ಪೀಠಕ್ಕೂ ನೂರು ಮಂದಿ ಸಾಲಾಗಿ ಕುಳಿತು ಉಣ್ಣುವ ಪಂಕ್ತಿಗೂ ಭೇದವಿದೆ. ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಎಲೆ. ಅಲ್ಲಿ ಸಂಪತ್ತು ಕಾಣುವುದು ಉಣ್ಣುವವನ ಮುಂದೆ ಅಲ್ಲ, ಬಡಿಸುವವನ ಕೈಯಲ್ಲಿ.

ಉಡುಪಿಯ ಪರ್ಯಾಯೋತ್ಸವವು ಇದೇ ಭಾವವನ್ನು ಎತ್ತಿ ಹಿಡಿಯುತ್ತದೆ. ಎರಡು ವರ್ಷಗಳಿಗೊಮ್ಮೆ ಜನವರಿ ೧೮ರಂದು ಪೀಠದ ಅಧಿಕಾರವು ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವಾಗ ಹಸ್ತಾಂತರವಾಗುವುದು ಕತ್ತಿಯಲ್ಲ, ಮುದ್ರೆಯುಂಗುರವಲ್ಲ. ಅಕ್ಷಯಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಬೀಗದ ಕೈ. ಅನ್ನವನ್ನು ಬಡಿಸುವ ಹೊಣೆಯೇ ಅಲ್ಲಿ ಅಧಿಕಾರದ ಗುರುತು. ನಮ್ಮ ಮನೆಗಳ ಬೆಳ್ಳಿಯನ್ನೂ ಇದೇ ದೃಷ್ಟಿಯಿಂದ ನೋಡಬೇಕು.

ಎಲೆಯ ಸುತ್ತಲಿನ ಪರಿವಾರ

ಹಳೆಯ ಮನೆಯೊಂದರ ಬೆಳ್ಳಿಯನ್ನು ಹೊರತೆಗೆದು ಊಟದ ಕ್ರಮದಲ್ಲಿ ಜೋಡಿಸಿದರೆ ಒಂದು ದಿನಚರಿಯೇ ಕಣ್ಣಮುಂದೆ ನಿಲ್ಲುತ್ತದೆ. ಪರಿಷೇಚನೆಗೂ ಆಪೋಶನಕ್ಕೂ ಪಂಚಪಾತ್ರೆ ಮತ್ತು ಉದ್ಧರಣೆ. ಕುಡಿಯುವ ನೀರಿಗೆ ತಂಬಿಗೆ ಮತ್ತು ಲೋಟ. ತುಪ್ಪಕ್ಕೆ ಮಿಳ್ಳೆ. ಪಾಯಸಕ್ಕೂ ಮೊಸರಿಗೂ ಬಟ್ಟಲು. ನೈವೇದ್ಯಕ್ಕೆ ಹರಿವಾಣ. ಊಟವಾದ ಮೇಲೆ ತಾಂಬೂಲದ ತಬಕು, ಸುಣ್ಣದ ಡಬ್ಬಿ. ಮಂಗಳಕಾರ್ಯದಲ್ಲಿ ಅತಿಥಿಗಳನ್ನು ಎದುರುಗೊಳ್ಳಲು ಪನ್ನೀರದಾನಿ. ಹಸುಗೂಸಿಗೆ ಹಾಲನ್ನೂ ಮದ್ದನ್ನೂ ಕುಡಿಸಲು ಒಳಲೆ.

ಈ ಪಾತ್ರೆಗಳ ಆಕಾರವನ್ನು ಗಮನಿಸಿರಿ. ಲೋಟದ ಅಂಚು ಹೊರಕ್ಕೆ ಬಾಗಿದೆ. ಪನ್ನೀರದಾನಿಯ ಕತ್ತು ನೀಳವಾಗಿದೆ. ಗಿಂಡಿಗೆ ಮೂತಿಯಿದೆ. ಮಿಳ್ಳೆಯ ಬಾಯಿಯಿಂದ ತುಪ್ಪವು ತೆಳ್ಳನೆಯ ಧಾರೆಯಾಗಿ ಇಳಿಯುತ್ತದೆ. ಇವೆಲ್ಲ ಎರೆಯುವ ಪಾತ್ರೆಗಳು. ತುಟಿಯನ್ನು ತಾಗಿಸದೆ ಮೇಲಿನಿಂದ ನೀರನ್ನು ಬಾಯಿಗೆ ಹೊಯ್ದುಕೊಳ್ಳುವ ನಮ್ಮ ಪದ್ಧತಿಗೆ ಹೊರಬಾಗಿದ ಅಂಚೇ ಅನುಕೂಲ. ನೇರವಾದ ಅಂಚಿನಿಂದ ನೀರು ಗಲ್ಲದ ಮೇಲೆ ಹರಿಯುತ್ತದೆ. ಎಂಜಲಿನ ವಿಚಾರವು ಧರ್ಮಶಾಸ್ತ್ರದ ಪುಟಗಳಲ್ಲಿ ಮಾತ್ರ ಉಳಿಯದೆ ಲೋಟದ ಅಂಚಿನಲ್ಲಿಯೂ ಮೂಡಿದೆ. ಪಾಶ್ಚಾತ್ಯರ ಮೇಜಿನ ಬೆಳ್ಳಿಯಲ್ಲಿ ಕತ್ತಿ, ಮುಳ್ಳುಚಮಚಗಳೇ ಬಹುಸಂಖ್ಯೆಯಲ್ಲಿರುತ್ತವೆ. ನಮ್ಮಲ್ಲಿ ಅವು ಇಲ್ಲದಿರುವುದೂ ಒಂದು ಸಾಕ್ಷ್ಯವೇ. ಕೈಯಿಂದ ಉಣ್ಣುವ ಜನಕ್ಕೆ ಬಾಯಿಗೆ ಹೋಗುವ ಲೋಹ ಬೇಡ. ಬಡಿಸುವ ಲೋಹ ಸಾಕು.

ಶುದ್ಧಿಯ ನಿಯಮವೂ ಕೆತ್ತನೆಯೂ

ಪಾತ್ರೆಗಳ ಶುದ್ಧಿಯನ್ನು ಮನುಸ್ಮೃತಿಯ ಐದನೆಯ ಅಧ್ಯಾಯವು ವಿವರಿಸುತ್ತದೆ. ಲೇಪವಿಲ್ಲದ ಚಿನ್ನದ ಪಾತ್ರೆಯು ಬರಿಯ ನೀರಿನಿಂದಲೇ ಶುದ್ಧವಾಗುತ್ತದೆ. ಶಂಖ ಮೊದಲಾದ ಜಲಜವಸ್ತುಗಳಿಗೂ ಕಲ್ಲಿನ ಪಾತ್ರೆಗೂ ಇದೇ ನಿಯಮ. ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳಿಗಾದರೆ ಅವುಗಳಿಗೆ ತಕ್ಕಂತೆ ಕ್ಷಾರ, ಹುಳಿ, ನೀರುಗಳು ಬೇಕು. ಬೆಳ್ಳಿಯ ವಿಷಯದಲ್ಲಿ ಮಾತ್ರ ಒಂದು ವಿಶೇಷಣವಿದೆ: ‘ಅನುಪಸ್ಕೃತ’ವಾದ ಬೆಳ್ಳಿಯು ನೀರಿನಿಂದ ಶುದ್ಧ. ರೇಖೆ ಮೊದಲಾದ ಕೆಲಸವಿಲ್ಲದ್ದು ಎಂಬುದು ಈ ಪದಕ್ಕೆ ವ್ಯಾಖ್ಯಾನಕಾರರು ಹೇಳುವ ಅರ್ಥ.

ಈ ಒಂದು ಪದದಲ್ಲಿ ಎಷ್ಟು ಅನುಭವ ಅಡಗಿದೆ! ಕೆತ್ತನೆಯ ಗೆರೆಗಳಲ್ಲಿ ಜಿಡ್ಡೂ ಅನ್ನದ ಅಗುಳೂ ಸೇರಿಕೊಳ್ಳುತ್ತವೆ. ಆಗ ಬರಿಯ ನೀರು ಸಾಲದು. ಈಗ ನಮ್ಮ ಮನೆಗಳ ಬಟ್ಟಲನ್ನು ನೋಡಿರಿ. ಒಳಮೈ ನುಣುಪು. ಬಳ್ಳಿ, ಹಂಸ, ಶಂಖಚಕ್ರಗಳೇನಿದ್ದರೂ ಹೊರಮೈಯಲ್ಲಿ, ಅಂಚಿನ ಕೆಳಗೆ ಅಥವಾ ಪಾದದ ಬಳೆಯಲ್ಲಿ. ಅನ್ನ ಸೋಕದ ತಾಂಬೂಲದ ತಬಕಿನಲ್ಲಿಯೂ ಪನ್ನೀರದಾನಿಯಲ್ಲಿಯೂ ಕೆತ್ತನೆಯು ಮೈತುಂಬ ಹರಡುತ್ತದೆ. ಅಲಂಕಾರ ಎಲ್ಲಿ ನಿಲ್ಲಬೇಕೆಂಬುದನ್ನು ಶಿಲ್ಪಿಯ ಇಷ್ಟವೊಂದೇ ನಿರ್ಣಯಿಸಲಿಲ್ಲ. ಪಾತ್ರೆಯನ್ನು ತೊಳೆಯುವವರ ಕೈಯೂ ನಿರ್ಣಯಿಸಿತು.

ಬೆಳ್ಳಿಗೆ ಈ ಮನ್ನಣೆ ದೊರೆತುದಕ್ಕೆ ಲೋಹದ ಗುಣವೂ ಕಾರಣ. ತಾಮ್ರ ಹಿತ್ತಾಳೆಗಳಲ್ಲಿ ಮಜ್ಜಿಗೆಯೋ ಹುಣಸೆಹುಳಿಯೋ ನಿಂತರೆ ಕಿಲುಬು ಏಳುತ್ತದೆ. ಅದಕ್ಕಾಗಿಯೇ ಅವುಗಳಿಗೆ ಕಲಾಯಿ ಹಾಕಿಸಬೇಕು. ದಶಮೀ ದ್ವಾದಶಿಗಳಂದು ಕಂಚಿನ ಪಾತ್ರೆಯಲ್ಲಿ ಉಣ್ಣುವುದನ್ನು ವ್ರತಗ್ರಂಥಗಳು ನಿಷೇಧಿಸುತ್ತವೆ. ಬೆಳ್ಳಿಯು ಅಡಿಗೆಯ ಹುಳಿಗೆ ಅಂಜುವುದಿಲ್ಲ. ಅದಕ್ಕೆ ಆಗದಿರುವುದು ಗಂಧಕ ಮತ್ತು ಉಪ್ಪು. ಗಂಧಕದ ಸಂಪರ್ಕದಿಂದ ಬೆಳ್ಳಿಯ ಮೇಲೆ ಕಪ್ಪು ಪದರ ಕಟ್ಟುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳನ್ನು ದೂರವಿಟ್ಟ ನಮ್ಮ ಅಡಿಗೆಯಲ್ಲಿ ಪರಿಮಳದ ಹೊಣೆ ಇಂಗಿನದು. ಇಂಗಿನಲ್ಲಿಯೂ ಗಂಧಕದ ಅಂಶವಿದೆ. ಸಾರು ಬಡಿಸಿದ ಬಟ್ಟಲು ಪಾಯಸದ ಬಟ್ಟಲಿಗಿಂತ ಬೇಗ ಮಂಕಾಗುವುದು ಇದರಿಂದ. ಉಪ್ಪು ಬಹುಕಾಲ ನಿಂತರೆ ಬೆಳ್ಳಿಯ ಮೈಯಲ್ಲಿ ಚಿಕ್ಕ ಗುಳಿಗಳು ಬೀಳುತ್ತವೆ. ಉಪ್ಪನ್ನು ಮರದ ಮರಿಗೆಯಲ್ಲಿಯೋ ಭರಣಿಯಲ್ಲಿಯೋ ಇಡುತ್ತಿದ್ದ ಹಿರಿಯರು ಈ ಮಾತನ್ನು ಅಭ್ಯಾಸದಿಂದಲೇ ಅರಿತಿದ್ದರು.

ಕುಶಲಕರ್ಮಿಯ ಕೈಬರಹ

ನಮ್ಮ ಕರಾವಳಿಯಲ್ಲಿ ಚಿನ್ನ ಬೆಳ್ಳಿಗಳ ಕೆಲಸವನ್ನು ದೈವಜ್ಞರೂ ವಿಶ್ವಕರ್ಮರೂ ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಇವರು ಮಾಡಿದ ಪಾತ್ರೆಗಳ ಮೇಲೆ ಮಾಡಿದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಕೈಕೆಲಸದ ಗುರುತು ಇರುತ್ತದೆ.

ಬೆಳ್ಳಿಯನ್ನು ಮೂಸೆಯಲ್ಲಿ ಕರಗಿಸಿ, ಗಟ್ಟಿಯಾಗಿ ಎರೆದು, ಬಡಿದು ತಗಡಾಗಿಸುತ್ತಾರೆ. ದುಂಡನೆಯ ತಗಡನ್ನು ಅಡಿಗಲ್ಲಿನ ಮೇಲೆ ಸುತ್ತಲೂ ಬಡಿಯುತ್ತ ಬಡಿಯುತ್ತ ಗೋಡೆಯನ್ನು ಎಬ್ಬಿಸುತ್ತಾರೆ. ಪೆಟ್ಟು ಬಿದ್ದಂತೆ ಬೆಳ್ಳಿಯು ಬಿರುಸಾಗುತ್ತದೆ. ಹಾಗೆಯೇ ಮುಂದುವರಿದರೆ ಸೀಳುತ್ತದೆ. ಆದುದರಿಂದ ನಡುನಡುವೆ ಮಂದವಾಗಿ ಕೆಂಪಾಗುವಷ್ಟು ಕಾಯಿಸಿ, ಹದಗೊಳಿಸಿ, ಮತ್ತೆ ಬಡಿಯಬೇಕು. ತಂಬಿಗೆಯ ಹೊಟ್ಟೆಯನ್ನು ಅಗಲಿಸಿ ಕತ್ತನ್ನು ಕಿರಿದುಗೊಳಿಸುವುದಕ್ಕೆ ಇಂತಹ ಹತ್ತಾರು ಸುತ್ತುಗಳು ಬೇಕಾಗುತ್ತವೆ. ಉಬ್ಬು ಚಿತ್ರಕ್ಕಾಗಿ ಪಾತ್ರೆಯೊಳಗೆ ಅರಗನ್ನು ತುಂಬಿ, ಹೊರಗಿನಿಂದ ಚಾಣಗಳಿಂದ ತಟ್ಟುತ್ತಾರೆ. ಪಾದದ ಬಳೆಯನ್ನೂ ಹಿಡಿಯನ್ನೂ ಬೇರೆಯಾಗಿ ಮಾಡಿ ಬೆಸೆಯುತ್ತಾರೆ.

ಈ ಕ್ರಮವನ್ನು ಅರಿತವನಿಗೆ ಪಾತ್ರೆಯು ತೆರೆದ ಪುಸ್ತಕ. ಬೆಳಕಿಗೆ ಓರೆಯಾಗಿ ಹಿಡಿದಾಗ ಸುತ್ತಿಗೆಯ ಸಣ್ಣ ಸಣ್ಣ ಮುಖಗಳು ಕಾಣಿಸಿದರೆ ಅದು ಕೈಯಿಂದ ಎಬ್ಬಿಸಿದ್ದು. ತಳದ ನಡುಬಿಂದುವಿನಿಂದ ಒಂದೇ ಸಮನಾದ ಉಂಗುರದ ಗೆರೆಗಳು ಹೊರಟಿದ್ದರೆ ಯಂತ್ರದ ಮೇಲೆ ತಿರುಗಿಸಿ ಮಾಡಿದ್ದು. ಹೊರಗಿನ ಹೂವಿನ ಎರಡು ಎಸಳುಗಳು ಕೂದಲೆಳೆಯಷ್ಟೂ ಭೇದವಿಲ್ಲದಿದ್ದರೆ ಅಚ್ಚಿನಿಂದ ಒತ್ತಿದ್ದು. ಕೈಕೆಲಸದಲ್ಲಿ ಒಂದು ಎಸಳು ಇನ್ನೊಂದರ ಸೋದರ. ಅಚ್ಚಿನ ಕೆಲಸದಲ್ಲಿ ಪ್ರತಿಬಿಂಬ.

ಬಳಕೆಯ ಗುರುತುಗಳೂ ಇಷ್ಟೇ ಮಾತಾಡುತ್ತವೆ. ಸೌಟಿನ ಅಂಚು ಒಂದು ಬದಿಗೆ ಮಾತ್ರ ಸವೆದಿದ್ದರೆ ಬಲಗೈಯಿಂದ ಬಹುಕಾಲ ಬಡಿಸಿದ್ದಾರೆಂದು ತಿಳಿಯಬೇಕು. ಲೋಟದ ನಡುವಿನ ಬಳ್ಳಿಯು ಬೆರಳು ಹಿಡಿಯುವ ಎಡೆಯಲ್ಲಿ ಅಳಿಸಿದ್ದರೆ ಅದು ಪೆಟ್ಟಿಗೆಯಲ್ಲಿ ಮಲಗಿದ ಲೋಟವಲ್ಲ. ತಗ್ಗುಗಳನ್ನು ತಟ್ಟಿಸಿ ನೇರ್ಪಡಿಸಿದ ಕಲೆಗಳೂ, ಪಾದಕ್ಕೆ ಮತ್ತೆ ಹಾಕಿದ ಬೆಸುಗೆಯೂ ಆ ಮನೆಯವರು ಪಾತ್ರೆಯನ್ನು ಮಾರದೆ ದುರಸ್ತಿ ಮಾಡಿಸಿದ ಕಾಲವನ್ನು ನೆನಪಿಸುತ್ತವೆ.

‘ರೂಪಾಯಿ ತೂಕ’ದ ಲೆಕ್ಕ

ಸಂಪತ್ತಿನ ವಿಷಯಕ್ಕೆ ಬರೋಣ. ನಮ್ಮ ದೇಶದ ಬೆಳ್ಳಿಯ ಬಹುಭಾಗ ಕಡಲಾಚೆಯಿಂದ ಬಂದದ್ದು. ಮಂಗಳೂರು, ಬಸರೂರು, ಬಾರ್ಕೂರುಗಳಂತಹ ಕರಾವಳಿಯ ಪೇಟೆಗಳಿಂದ ಅಕ್ಕಿಯೂ ಕರಿಮೆಣಸೂ ಹಡಗೇರಿದವು. ಪ್ರತಿಯಾಗಿ ಬಂದುದರಲ್ಲಿ ಬೆಳ್ಳಿಯ ನಾಣ್ಯವೂ ಒಂದು. ನಾಣ್ಯವು ಕರಗಿ ಪಾತ್ರೆಯಾಯಿತು. ಅಗತ್ಯ ಬಿದ್ದಾಗ ಪಾತ್ರೆಯು ಕರಗಿ ಮತ್ತೆ ಹಣವಾಯಿತು. ಕೆನರಾ ಬ್ಯಾಂಕು ಮಂಗಳೂರಿನಲ್ಲಿ ಸ್ಥಾಪನೆಯಾದದ್ದು ೧೯೦೬ರಲ್ಲಿ. ಕರ್ಣಾಟಕ ಬ್ಯಾಂಕು ೧೯೨೪ರಲ್ಲಿ. ಅದಕ್ಕೆ ಮೊದಲು ಸಾಧಾರಣ ಗೃಹಸ್ಥನ ಠೇವಣಿಯೆಂದರೆ ಹೆಂಡತಿಯ ಮೈಮೇಲಿನ ಚಿನ್ನ ಮತ್ತು ಪೆಟ್ಟಿಗೆಯೊಳಗಿನ ಬೆಳ್ಳಿ.

ಹಿರಿಯರು ತಂಬಿಗೆಯನ್ನು ‘ನಲವತ್ತು ರೂಪಾಯಿ ತೂಕದ್ದು’ ಎನ್ನುತ್ತಿದ್ದರು. ಇದು ಬೆಲೆಯಲ್ಲ, ತೂಕ. ೧೮೩೫ರಿಂದ ಬ್ರಿಟಿಷ್ ಭಾರತದ ಬೆಳ್ಳಿ ರೂಪಾಯಿಯ ತೂಕ ೧೮೦ ಗ್ರೇನು, ಅಂದರೆ ಒಂದು ತೊಲ. ಈಗಿನ ಲೆಕ್ಕದಲ್ಲಿ ಸುಮಾರು ೧೧.೬೬ ಗ್ರಾಮು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ನಲವತ್ತು ರೂಪಾಯಿ ತೂಕದ ತಂಬಿಗೆಯೆಂದರೆ ಸುಮಾರು ೪೬೬ ಗ್ರಾಮು. ತಕ್ಕಡಿಯ ಒಂದು ತಟ್ಟೆಯಲ್ಲಿ ಪಾತ್ರೆ, ಇನ್ನೊಂದರಲ್ಲಿ ನಾಣ್ಯಗಳು. ಲೆಕ್ಕ ಯಾರಿಗಾದರೂ ತಿಳಿಯುವಂತಹುದು. ನಾಣ್ಯಗಳನ್ನೇ ಕೊಟ್ಟು ಪಾತ್ರೆ ಮಾಡಿಸಿದರೆ ಬೆಳ್ಳಿಯ ಗುಣದಲ್ಲಿ ಮೋಸವಾಗುವ ಭಯ ಕಡಿಮೆ. ಅಚ್ಚ ಬೆಳ್ಳಿಯು ಪಾತ್ರೆಗೆ ಬಹಳ ಮೆದು. ಸ್ವಲ್ಪ ತಾಮ್ರ ಬೆರೆತ ನಾಣ್ಯದ ಬೆಳ್ಳಿಯು ಬಟ್ಟಲಿಗೆ ಒಪ್ಪುವ ಗಟ್ಟಿತನವನ್ನೂ ಕೊಡುತ್ತಿತ್ತು.

ಈ ವ್ಯವಸ್ಥೆಗೆ ಒಂದು ತಿರುವು ಬಂದುದು ೧೮೯೩ರಲ್ಲಿ. ಅದುವರೆಗೆ ಬೆಳ್ಳಿಯನ್ನು ಸರಕಾರದ ಟಂಕಸಾಲೆಗೆ ಕೊಟ್ಟು ಯಾರಾದರೂ ರೂಪಾಯಿ ಮಾಡಿಸಿಕೊಳ್ಳಬಹುದಿತ್ತು. ಆದಕಾರಣ ನಲವತ್ತು ರೂಪಾಯಿ ತೂಕದ ಬೆಳ್ಳಿಯ ಬೆಲೆಯು ನಲವತ್ತು ರೂಪಾಯಿಯ ಆಸುಪಾಸಿನಲ್ಲಿಯೇ ಇರುತ್ತಿತ್ತು. ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಕುಸಿಯುತ್ತಿದ್ದುದರಿಂದ ಆ ವರ್ಷ ಟಂಕಸಾಲೆಗಳ ಬಾಗಿಲನ್ನು ಸಾರ್ವಜನಿಕರಿಗೆ ಮುಚ್ಚಲಾಯಿತು. ಆ ಮೇಲೆ ರೂಪಾಯಿಯ ಬೆಲೆಯು ಅದರೊಳಗಿನ ಬೆಳ್ಳಿಯ ಬೆಲೆಗಿಂತ ಮೇಲಾಯಿತು. ಪೆಟ್ಟಿಗೆಯ ಪಾತ್ರೆಯ ತೂಕದಲ್ಲಿ ಗುಲಗಂಜಿಯಷ್ಟೂ ಕಡಿಮೆಯಾಗದೆ ಅದರ ಬೆಲೆ ತಗ್ಗಿತು. ಸರಕಾರದ ತೀರ್ಮಾನವು ಅಡಿಗೆಮನೆಯ ತಂಬಿಗೆಯನ್ನು ಮುಟ್ಟಿದ ಬಗೆ ಇದು. ೧೯೪೦ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು; ೧೯೪೭ರಲ್ಲಿ ನಿಕ್ಕಲ್ ನಾಣ್ಯ ಬಂದಿತು. ನಾಣ್ಯದಿಂದ ಬೆಳ್ಳಿ ಮಾಯವಾದ ಮೇಲೆಯೂ ಅಜ್ಜಿಯರ ಬಾಯಲ್ಲಿ ‘ರೂಪಾಯಿ ತೂಕ’ ಉಳಿಯಿತು.

ಚುಕ್ಕಿಯ ಅಕ್ಷರಗಳು

ಪಾತ್ರೆಯ ಅಂಚಿನಲ್ಲಿಯೋ ತಳದಲ್ಲಿಯೋ ಚುಕ್ಕಿಗಳಿಂದ ಹೊಡೆದ ಒಂದೆರಡು ಅಕ್ಷರಗಳಿರುವುದುಂಟು. ಕೊಟ್ಟವರ ಹೆಸರಿನ ಮೊದಲಕ್ಷರ, ಮನೆತನದ ಹೆಸರು, ಕೆಲವೊಮ್ಮೆ ತೂಕ ಅಥವಾ ಇಸವಿ. ಇದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. ೧೯೧೩ರಿಂದ ೧೯೩೪ರವರೆಗೆ ಜಾನ್ ಮಾರ್ಷಲ್ ಅವರು ತಕ್ಷಶಿಲೆಯಲ್ಲಿ ಉತ್ಖನನ ನಡೆಸಿದಾಗ ದೊರೆತ, ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಬೆಳ್ಳಿಯ ಪಾತ್ರೆಗಳ ಮೇಲೆ ಖರೋಷ್ಠೀ ಲಿಪಿಯಲ್ಲಿ ಒಡೆಯರ ಹೆಸರುಗಳೂ ತೂಕಗಳೂ ಇದ್ದವು.

ನಮ್ಮ ಮನೆಗಳಲ್ಲಿ ಈ ಅಕ್ಷರಗಳು ಬಹಳ ಮಟ್ಟಿಗೆ ಹೆಂಗಸರ ಆಸ್ತಿಯ ದಾಖಲೆಗಳು. ಮದುವೆಯಲ್ಲಿ ತವರಿನಿಂದ ಬಂದ ಪಂಚಪಾತ್ರೆ, ಸೀಮಂತದಲ್ಲಿ ಬಂದ ಬಟ್ಟಲು, ಮಗುವಿನ ಅನ್ನಪ್ರಾಶನಕ್ಕೆ ಸೋದರಮಾವನು ತಂದ ಒಳಲೆ. ಇವುಗಳ ಮೇಲಿನ ಹೆಸರು ಗಂಡನ ಮನೆಯದಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನದಲ್ಲಿ ಸ್ತ್ರೀಧನದ ಅರ್ಥವನ್ನು ವಿಸ್ತರಿಸಿ ಹೇಳಿದನು. ಆ ಶಾಸ್ತ್ರಾರ್ಥಕ್ಕೆ ಮನೆಯೊಳಗೆ ಕಾಣಸಿಗುವ ರೂಪವೇ ಈ ಚುಕ್ಕಿಯ ಅಕ್ಷರಗಳು. ಭೂಮಿಯ ಪತ್ರಗಳಲ್ಲಿ ಹೆಸರಿಲ್ಲದ ಅಜ್ಜಿಯ ಹೆಸರು ಒಂದು ಬಟ್ಟಲಿನ ತಳದಲ್ಲಿ ಉಳಿದಿರಬಹುದು. ಆ ಬಟ್ಟಲು ಕರಗಿದರೆ ಆ ಹೆಸರಿಗೆ ಬೇರೆ ನೆಲೆಯಿಲ್ಲ.

ಬೆಳ್ಳಿಗೂ ಪೂರ್ವಜರಿಗೂ ಶಾಸ್ತ್ರವು ಕಲ್ಪಿಸಿದ ಸಂಬಂಧ ಇಲ್ಲಿ ಸ್ಮರಣೀಯ. ರುದ್ರನ ಕಣ್ಣೀರೇ ಬೆಳ್ಳಿಯಾಯಿತೆಂದೂ, ಅದು ಯಜ್ಞದ ದಕ್ಷಿಣೆಗೆ ಯೋಗ್ಯವಲ್ಲವೆಂದೂ ತೈತ್ತಿರೀಯ ಸಂಹಿತೆ ಹೇಳುತ್ತದೆ. ಪಿತೃಕಾರ್ಯದಲ್ಲಾದರೆ ಇದಕ್ಕೆ ವಿರುದ್ಧ. ಬೆಳ್ಳಿಯ ಪಾತ್ರೆಯಿಂದ ಶ್ರದ್ಧೆಯಿಟ್ಟು ಕೊಟ್ಟ ನೀರೂ ಪಿತೃಗಳಿಗೆ ಅಕ್ಷಯವಾಗುತ್ತದೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿದೆ. ಉಳಿದುದೆಲ್ಲ ಹೋದರೂ ತರ್ಪಣಕ್ಕೆಂದು ಚಿಕ್ಕದೊಂದು ಬೆಳ್ಳಿಯ ಪಾತ್ರೆ ಮನೆಯಲ್ಲಿ ಉಳಿಯುವುದಕ್ಕೆ ಇದೇ ಕಾರಣ.

ಕಾಫಿಯೂ ಉಕ್ಕೂ

ಪಾತ್ರೆಗಳು ಬದಲಾದ ಅಭ್ಯಾಸಗಳನ್ನೂ ತೋರಿಸುತ್ತವೆ. ದಕ್ಷಿಣ ಕನ್ನಡವು ೧೯೫೬ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಮದ್ರಾಸಿನ ಪಿ. ಆರ್ ಅಂಡ್ ಸನ್ಸ್ ಎಂಬ ಆಂಗ್ಲ ಮಳಿಗೆಯು ದಕ್ಷಿಣದ ಕುಶಲಕರ್ಮಿಗಳಿಂದ ದೇವತೆಗಳ ಉಬ್ಬು ಚಿತ್ರಗಳುಳ್ಳ ‘ಸ್ವಾಮಿ’ ಮಾದರಿಯ ಬೆಳ್ಳಿಯ ಸಾಮಾನುಗಳನ್ನು ಮಾಡಿಸಿ ಪ್ರಸಿದ್ಧವಾಯಿತು. ಚಹದ ಕೆಟಲಿನ ಸುತ್ತ ದೇವತೆಗಳ ಸಾಲು! ಕೈ ನಮ್ಮವರದು, ದೇವತೆಗಳು ನಮ್ಮವರು; ಊಟದ ರೀತಿ ಮಾತ್ರ ಪರರದು. ದೇವರ ಮೂರ್ತಿಯನ್ನು ಎಂಜಲಿಗೆ ಸೋಕುವ ಪಾತ್ರೆಯ ಮೇಲೆ ಕೆತ್ತಿಸಲು ನಮ್ಮ ಹಿರಿಯರು ಹಿಂಜರಿಯುತ್ತಿದ್ದರು. ಆದಕಾರಣ ಅಂತಹ ಕೆಟಲು ಕುಶಲಕಲೆಗೆ ಉತ್ತಮ ಸಾಕ್ಷಿಯಾದರೂ ನಮ್ಮ ಭೋಜನಪದ್ಧತಿಗೆ ಸಾಕ್ಷಿಯಲ್ಲ. ಸಾಕ್ಷಿಯನ್ನು ಯಾವ ವಿಷಯಕ್ಕೆ ಕರೆಯಬೇಕೆಂಬ ವಿವೇಕ ಇಲ್ಲಿಯೂ ಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಕಾಫಿಯು ನಮ್ಮ ಮನೆಗಳನ್ನು ಹೊಕ್ಕಿತು. ನೀರಿಗಾಗಿ ರೂಪುಗೊಂಡ ಹೊರಬಾಗಿದ ಅಂಚು ಬಿಸಿ ಕಾಫಿಯನ್ನು ಎತ್ತಿ ಹೊಯ್ದು ಆರಿಸುವುದಕ್ಕೂ, ಸುಡುವ ಲೋಟವನ್ನು ಅಂಚಿನಲ್ಲಿ ಹಿಡಿಯುವುದಕ್ಕೂ ಒದಗಿತು. ಬೆಳ್ಳಿಯ ಲೋಟದಲ್ಲಿ ಕಾಫಿ ಕೊಡುವುದು ಬೀಗರ ಉಪಚಾರದ ಅಳತೆಗೋಲಾಯಿತು. ಮುಂದೆ ತುಕ್ಕು ಹಿಡಿಯದ ಉಕ್ಕು ಬಂದಾಗ ಮದ್ರಾಸಿನ ಕಡೆಯ ಜನ ಅದನ್ನು ‘ಎವರ್‌ಸಿಲ್ವರ್’ ಎಂದೇ ಕರೆದರು. ಇಂದಿಗೂ ನಮ್ಮ ಸ್ಟೀಲಿನ ಲೋಟದ ಅಂಚು ಹೊರಬಾಗಿದೆ. ಲೋಹ ಬದಲಾದರೂ ಬೆಳ್ಳಿಯ ಲೋಟದ ಆಕಾರ ಬದಲಾಗಲಿಲ್ಲ. ಇನ್ನೊಂದು ಎಚ್ಚರವನ್ನೂ ಹೇಳಬೇಕು. ‘ಜರ್ಮನ್ ಸಿಲ್ವರ್’ ಎಂಬುದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ. ಅದರಲ್ಲಿ ಬೆಳ್ಳಿಯ ಅಂಶವಿಲ್ಲ.

ಕರಗಿದ ಮೇಲೆ ಉಳಿಯುವುದೇನು?

ಬೆಳ್ಳಿಯನ್ನು ಕರಗಿಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಕಷ್ಟಕಾಲಕ್ಕೆ ಒದಗಲೆಂದೇ ಹಿರಿಯರು ಅದನ್ನು ಕೂಡಿಟ್ಟರು. ೧೬೮೯ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಯುದ್ಧದ ವೆಚ್ಚಕ್ಕಾಗಿ ತನ್ನ ಅರಮನೆಯ ಬೆಳ್ಳಿಯ ಪೀಠೋಪಕರಣಗಳನ್ನೇ ಕರಗಿಸಿದನು. ಅರಸನಿಗೆ ತಪ್ಪದ್ದು ಗೃಹಸ್ಥನಿಗೆ ತಪ್ಪೀತೇ? ೧೯೭೪ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿಯ ಅಕ್ಕಿ ನಿಂತ ಮೇಲೆ, ಮಗಳ ಮದುವೆಗೋ ಮಗನ ವಿದ್ಯೆಗೋ ಬೆಳ್ಳಿಯನ್ನು ಮಾರಿದ ಮಾತನ್ನು ನಮ್ಮ ಕಡೆಯ ಹಿರಿಯರಿಂದ ಇಂದಿಗೂ ಕೇಳುತ್ತೇವೆ. ಆ ಬೆಳ್ಳಿಯು ವಿದ್ಯೆಯಾಗಿ ಉಳಿದಿದೆ, ಅದಕ್ಕೆ ಮರುಗಬೇಕಾದುದಿಲ್ಲ.

ಮರುಗಬೇಕಾದುದು ಬೇರೊಂದಕ್ಕೆ. ಅಗತ್ಯವಿಲ್ಲದೆ, ‘ಹಳೆಯದು ಮಂಕಾಗಿದೆ, ಹೊಸ ಮಾದರಿಯದು ಬರಲಿ’ ಎಂದು ಕೊಟ್ಟು ಬರುವುದಕ್ಕೆ. ಅಂಗಡಿಯಲ್ಲಿ ಪಾತ್ರೆಯನ್ನು ಲೋಹದ ತೂಕಕ್ಕೆ ತೆಗೆದುಕೊಳ್ಳುತ್ತಾರೆ. ಕೈಕೆಲಸಕ್ಕೆ ಬೆಲೆಯಿಲ್ಲ, ಹೆಸರಿಗೆ ಬೆಲೆಯಿಲ್ಲ. ಹೊಸದರ ಮಜೂರಿಯನ್ನು ಮಾತ್ರ ಮತ್ತೆ ಕೊಡಬೇಕು. ಪಾಲಿನ ಸಮಯದಲ್ಲಿಯೂ ಹೀಗೆಯೇ. ಆರು ಬಟ್ಟಲುಗಳು ಮೂವರಿಗೆ ಎರಡೆರಡರಂತೆ ಹಂಚಿಹೋದಾಗ ತೂಕ ಸಮನಾಗುತ್ತದೆ. ಆದರೆ ಆ ಮನೆಯಲ್ಲಿ ಆರು ಮಂದಿಗೆ ಒಮ್ಮೆಗೆ ಪಾಯಸ ಬಡಿಸುತ್ತಿದ್ದರೆಂಬ ಮಾತನ್ನು ಯಾವ ಪಾಲುಗಾರನ ಬೆಳ್ಳಿಯೂ ಹೇಳದು. ಪೊಂಪೈ ನಗರದ ಒಂದೇ ಮನೆಯಲ್ಲಿ ೧೯೩೦ರಲ್ಲಿ ೧೧೮ ಬೆಳ್ಳಿಯ ಸಾಮಾನುಗಳು ಒಟ್ಟಿಗೆ ದೊರೆತವು. ಅವು ಜೊತೆಜೊತೆಯಾಗಿ ಉಳಿದುದರಿಂದಲೇ ಕ್ರಿ.ಶ. ೭೯ರ ಒಂದು ಮನೆಯ ಊಟದ ಏರ್ಪಾಡನ್ನು ವಿದ್ವಾಂಸರು ಅರಿಯುವಂತಾಯಿತು.

ಹಾಗಾದರೆ ನಾವು ಮಾಡಬಹುದಾದುದೇನು? ಇದಕ್ಕೆ ಉತ್ತರವನ್ನು ರಾಜರಾಜ ಚೋಳನು ಸಾವಿರ ವರ್ಷಗಳ ಹಿಂದೆಯೇ ತೋರಿಸಿದ್ದಾನೆ. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಕೊಟ್ಟ ಚಿನ್ನ ಬೆಳ್ಳಿಗಳ ಪಾತ್ರೆಗಳನ್ನು ಹೆಸರು ಹೇಳಿ, ತೂಗಿ, ತೂಕವನ್ನು ಕಲ್ಲಿನ ಗೋಡೆಯ ಮೇಲೆ ಕೆತ್ತಿಸಲಾಯಿತು. ಆ ಪಾತ್ರೆಗಳು ಇಂದು ಅಲ್ಲಿಲ್ಲ. ಕಲ್ಲಿನ ಪಟ್ಟಿ ಇದೆ. ಲೋಹವು ಕೈಬಿಟ್ಟ ಮೇಲೆ ಬರವಣಿಗೆಯೇ ಸಾಕ್ಷಿಯಾಗಿ ನಿಂತಿತು.

ನಮಗೆ ಕಲ್ಲು ಬೇಡ. ನೂರು ಪುಟದ ಒಂದು ಪುಸ್ತಕ ಸಾಕು. ಪ್ರತಿಯೊಂದು ಪಾತ್ರೆಗೂ ಒಂದು ಪುಟ ಕೊಡಿರಿ. ಮನೆಯಲ್ಲಿ ಅದನ್ನು ಕರೆಯುವ ಹೆಸರನ್ನು ಇದ್ದಂತೆಯೇ ಬರೆಯಿರಿ. ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ. ಗ್ರಾಮಿನಲ್ಲಿ ತೂಕ, ಎತ್ತರ, ಬಾಯಿಯ ಅಗಲಗಳನ್ನು ನಮೂದಿಸಿರಿ. ಚುಕ್ಕಿಯ ಅಕ್ಷರಗಳನ್ನು ಓದಲಾಗದಿದ್ದರೂ ಕಂಡಂತೆ ನಕಲು ಮಾಡಿರಿ. ಯಾರು, ಯಾವ ಸಂದರ್ಭದಲ್ಲಿ ಕೊಟ್ಟರೆಂಬುದನ್ನು ಹಿರಿಯರಿಂದ ಕೇಳಿ ಬರೆಯಿರಿ. ಮೇಲಿನಿಂದ, ಬದಿಯಿಂದ, ತಳದಿಂದ ಒಂದೊಂದು ಛಾಯಾಚಿತ್ರ ತೆಗೆಯಿರಿ. ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕ್ ಬೆಳ್ಳಿಗೆ ದೊರೆಯತೊಡಗಿದ್ದು ೨೦೦೫ರಿಂದ. ಅದಕ್ಕೆ ಮೊದಲಿನ ಪಾತ್ರೆಗಳಲ್ಲಿ ಆ ಮುದ್ರೆಯಿಲ್ಲವೆಂದು ಅವುಗಳನ್ನು ಕೀಳೆಂದು ತಿಳಿಯಬೇಡಿರಿ. ಹೊಳಪಿನ ಆಸೆಗೆ ಒರಟು ಪುಡಿಗಳಿಂದ ಉಜ್ಜಿ ಕೆತ್ತನೆಯನ್ನು ಸವೆಸಬೇಡಿರಿ. ಅಂಟುವಾಳದ ನೊರೆ ಮತ್ತು ಮೆದುವಾದ ಬಟ್ಟೆ ಸಾಕು. ಒಳ್ಳೆಯದಾಗಿ ಒರೆಸಿ, ಒಣಗಿಸಿ, ಉಪ್ಪಿನಿಂದಲೂ ಇಂಗಿನಿಂದಲೂ ದೂರವಿಡಿರಿ.

ಮನೆಯಲ್ಲಿ ಇಟ್ಟುಕೊಳ್ಳಲಾರದವರು ಮೂಸೆಗೆ ಹಾಕುವ ಮೊದಲು ವಸ್ತುಸಂಗ್ರಹಾಲಯವನ್ನು ವಿಚಾರಿಸಬಹುದು. ಬಿಜೈಯಲ್ಲಿ ೧೯೬೦ರಿಂದ ಇರುವ ಶ್ರೀಮಂತೀಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯವು ಮಗನೊಬ್ಬನು ತಾಯಿಯ ನೆನಪಿಗಾಗಿ ಕೊಟ್ಟ ಕಟ್ಟಡದಲ್ಲಿಯೇ ರೂಪುಗೊಂಡಿತೆಂಬುದು ಇಲ್ಲಿ ನೆನೆಯಬೇಕಾದ ಮಾತು.

ಮುಂದಿನ ಹಬ್ಬಕ್ಕೆ ಪೆಟ್ಟಿಗೆಯನ್ನು ತೆರೆಯುವಾಗ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿರಿ. ತೂಕವನ್ನು ತಕ್ಕಡಿ ಹೇಳುತ್ತದೆ. ಬೆಲೆಯನ್ನು ಪತ್ರಿಕೆ ಹೇಳುತ್ತದೆ. ಈ ಬಟ್ಟಲಿನಲ್ಲಿ ಯಾರು ಯಾರಿಗೆ ಪಾಯಸ ಬಡಿಸಿದರೆಂಬುದನ್ನು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಅವರು ಇರುವಾಗಲೇ ಕೇಳಿ ಬರೆದಿಡುವುದು ನಮ್ಮ ಕರ್ತವ್ಯ.